ಟೂರ್ನಮೆಂಟ್ ಪೋಕರ್‌ನಲ್ಲಿ ಎದುರಾಳಿ ಆಲ್-ಇನ್ ಹೋದರೆ (ತನ್ನ ಚಿಪ್ಸ್ ಎಲ್ಲ ಹಾಕಿದರೆ) ಅದು ಬ್ಲಫ್ (ಒಳ್ಳೆ ಎಲೆ ಇಲ್ಲದೆ ಹೆದರಿಸೋದು) ಅಂತ ಹೇಗೆ ತಿಳಿಯೋದು?

ಮುಖ ನೋಡಿ ಹೇಳೋದು ಕಷ್ಟ. ಶುರುವಿನಿಂದ ಅವನು ಹೇಗೆ ಬೆಟ್ ಮಾಡಿದ ಅಂತ ನೆನಪಿಸಿಕೊಳ್ಳಿ, ಸುಳಿವು ಜಾಸ್ತಿ ಸಿಗೋದು ಅಲ್ಲೇ.

2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಫೈನಲ್ ತಗೊಳ್ಳಿ. ಕೊನೆಗೆ ಉಳಿದವರು ಕ್ರಿಸ್ ಮನಿಮೇಕರ್, ಸ್ಯಾಮ್ ಫರ್ಹಾ. ಒಂದು ಕೈಯಲ್ಲಿ ಟರ್ನ್ (ಮೇಜಿನ ನಾಲ್ಕನೇ ಎಲೆ) ಹೊತ್ತಿಗೆ ಮೇಜಿನ ಮೇಲೆ, ಇಬ್ಬರೂ ಬಳಸಬಹುದಾದ 9, 2, 6, 8 ಇತ್ತು, ಅದರಲ್ಲಿ ಮೂರು ಇಸ್ಪೀಟ್. ಫರ್ಹಾ ಕೈಯಲ್ಲಿ ರಾಣಿ ಮತ್ತು 9, ಅಂದ್ರೆ ಟಾಪ್ ಪೇರ್ (ಮೇಜಿನ ಅತಿ ದೊಡ್ಡ ಎಲೆಗೆ ಜೋಡಿ). ಮನಿಮೇಕರ್ ಹತ್ತಿರ ಇಸ್ಪೀಟ್ ರಾಜ ಮತ್ತು ಬೇರೆ ಬಣ್ಣದ 7. ಫ್ಲಶ್ (ಒಂದೇ ಜಾತಿಯ ಐದು ಎಲೆ), ಸ್ಟ್ರೇಟ್ (ಸಾಲಾಗಿ ಬರುವ ಐದು ಎಲೆ), ಇವೆರಡರಲ್ಲಿ ಯಾವುದಕ್ಕಾದರೂ ಇನ್ನೊಂದೇ ಎಲೆ ಬೇಕಿತ್ತು. ಫರ್ಹಾ ಬೆಟ್ ಮಾಡಿದ, ಮನಿಮೇಕರ್ ರೇಸ್ ಮಾಡಿದ (ಬೆಟ್ ಹೆಚ್ಚಿಸಿದ), ಫರ್ಹಾ ಕಾಲ್ ಮಾಡಿದ (ಅಷ್ಟೇ ಹಾಕಿದ). ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಆಟಿನ್ 3 ಬಂತು, ಯಾರಿಗೂ ಉಪಯೋಗ ಇಲ್ಲ. ಮನಿಮೇಕರ್ ಆಲ್-ಇನ್ ಹೋದ. ಫ್ಲಶ್ ತಪ್ಪಿರಬೇಕು ಅಂತ ಫರ್ಹಾ ಬಾಯಿಬಿಟ್ಟೇ ಹೇಳಿದ, ಆದರೂ ಎಲೆ ಎಸೆದುಬಿಟ್ಟ!

ಯಾಕೆ? ಟರ್ನ್ ರೇಸ್‌ಗೂ ರಿವರ್ ಆಲ್-ಇನ್‌ಗೂ ತಾಳೆ ಆಗ್ತಿತ್ತು, ನಿಜವಾಗಲೂ ಫ್ಲಶ್ ಇದ್ದವನೂ ಹಾಗೇ ಆಡುತ್ತಿದ್ದ. ಹಾಗಾಗಿ ಎರಡು ವಿಷಯ ಕೇಳಿಕೊಳ್ಳಿ: ಈ ಬೆಟ್‌ಗಳಿಗೆ ಹೊಂದುವ ಗೆಲ್ಲೋ ಕೈ ಎಷ್ಟಿವೆ, ತಪ್ಪಿದ ಡ್ರಾ (ಬೇಕಾದ ಎಲೆ ಬಾರದೆ ಅರ್ಧಕ್ಕೇ ನಿಂತ ಕೈ) ಎಷ್ಟಿವೆ? ಆಮೇಲೆ ಲೆಕ್ಕ. ಪಾಟ್‌ನಲ್ಲಿ (ಮಧ್ಯೆ ಸೇರಿದ ಚಿಪ್ಸ್) 1,000 ಇದ್ದು ಅವನು 1,000 ಹಾಕಿದರೆ, ಮೂರರಲ್ಲಿ ಒಂದು ಸಲ ಗೆದ್ದರೂ ಚಿಪ್ಸ್ ಲೆಕ್ಕದಲ್ಲಿ ನಷ್ಟ ಇಲ್ಲ. ಆದರೆ ಟೂರ್ನಮೆಂಟಲ್ಲಿ ಸೋತರೆ ಆಚೆ ಹೋಗೋ ಪರಿಸ್ಥಿತಿ, ಅದರಲ್ಲೂ ಬಹುಮಾನದ ಹಂತ ಹತ್ತಿರ ಇದ್ದಾಗ, ಅದಕ್ಕಿಂತ ಜಾಸ್ತಿ ಖಾತ್ರಿ ಇದ್ದರೆ ಮಾತ್ರ ಕಾಲ್ ಮಾಡಿ.