ಎತ್ತಿಕೊಂಡರೆ ಚಟ ಹತ್ತುತ್ತಾ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗ ಜಿಲ್ಲೆಯ ಒಂದು ಶಿಶುಗೃಹದಲ್ಲಿ ಆಯಾ. ಒಂಬತ್ತು ತಿಂಗಳ ಮಗುವೊಂದು ನನ್ನನ್ನು ಎಷ್ಟು ಹಚ್ಚಿಕೊಂಡಿದೆ ಅಂದರೆ, ಪಾಳಿ ಮುಗಿಸಿ ನಾನು ಕೊಡೆ ತೆಗೆದರೆ ಸಾಕು, ಅಳು ಶುರು. ‘ಎತ್ತಿ ಎತ್ತಿ ಚಟ ಹತ್ತಿಸಬೇಡ, ನಾಳೆ ದತ್ತು ಹೋಗೋ ಮಗು’ ಅಂತ ಜೊತೆಯವರು ಬೈಯುತ್ತಾರೆ. ಇನ್ನೊಬ್ಬಳು ಎರಡೂವರೆ ವರ್ಷದವಳು, ಯಾರು ಬಂದರೂ ನಗುತ್ತಾ ತೊಡೆ ಏರುತ್ತಾಳೆ. ಎಲ್ಲರೂ ಅವಳನ್ನೇ ಹೊಗಳುತ್ತಾರೆ. ನನ್ನದು ತಪ್ಪಾ?
– ಹೆಸರು ಬೇಡ

ಉತ್ತರ: ಖಂಡಿತ ಅಲ್ಲ. ಆರೇಳು ತಿಂಗಳು ದಾಟಿದ ಮೇಲೆ ಮಗು ಒಂದೆರಡು ಮುಖಗಳನ್ನು ತನ್ನವು ಅಂತ ಹಿಡಿದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಇದೇ ವಯಸ್ಸಿಗೆ ಅಲ್ವಾ, ಮಗು ನೆಂಟರ ಕೈಗೆ ಹೋಗದೆ ಕಿರುಚುವುದು? ಅಲ್ಲಿ ‘ಅಮ್ಮನ ಗುರುತು ಹತ್ತಿತು’ ಅಂತ ಖುಷಿಪಡುತ್ತೇವೆ. ಶಿಶುಗೃಹದಲ್ಲಿ ಅದೇ ಅಳು ಚಟ ಆಗಿಬಿಡುತ್ತದೆ!

ನನಗೆ ಜಾಸ್ತಿ ಯೋಚನೆ ಆಗಿದ್ದು ಆ ಎರಡೂವರೆ ವರ್ಷದವಳ ಬಗ್ಗೆ. ಸ್ವಭಾವವೇ ಹಾಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬಿದ್ದು ಪೆಟ್ಟಾದಾಗ ಯಾರ ಹತ್ತಿರ ಓಡುತ್ತಾಳೆ, ಗಮನಿಸಿ. ಯಾರಾದರೂ ಸರಿ ಅನ್ನುವಂತಿದ್ದರೆ, ಇವರೇ ನನ್ನವರು ಅನ್ನಲು ಅವಳಿಗೆ ಒಬ್ಬರೂ ಸಿಕ್ಕಿಲ್ಲ ಅಂತಲೇ ಅನುಮಾನ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದ ದಶಕದಲ್ಲಿ ಅನಾಥಾಲಯಗಳ 136 ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟಿದ್ದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ನಂಟು ಹೆಚ್ಚು ಗಟ್ಟಿಯಾಗಿ ಬೆಳೆಯಿತು. ಹಾಗಂತ ಆಮೇಲೆ ಏನೂ ಆಗಲ್ಲ ಅಂತಲ್ಲ. ಅವಳಿಗೂ ಊಟ, ಸ್ನಾನ, ಮಲಗಿಸುವುದು ಆದಷ್ಟು ಒಬ್ಬರದೇ ಕೈಯಲ್ಲಿ ಆಗಲಿ.

ದತ್ತು ಹೋಗುವಾಗ ಮಗು ಅಳುತ್ತದೆ, ನೀವೂ ಅಳುತ್ತೀರಿ, ಅದನ್ನು ತಪ್ಪಿಸಲಾಗದು. ಆದರೆ ಒಬ್ಬರನ್ನು ನಂಬಿ ಗೊತ್ತಿರುವ ಮಗುವಿಗೆ ಹೊಸ ಅಮ್ಮನನ್ನು ನಂಬುವುದು ಸುಲಭ. ಸಾಧ್ಯವಾದರೆ ಆ ಅಪ್ಪ ಅಮ್ಮ ನಾಲ್ಕು ದಿನ ಬಂದು ನಿಮ್ಮ ಪಕ್ಕದಲ್ಲೇ ಕೂತು ಗಂಜಿ ತಿನ್ನಿಸಲಿ. ಮಗು ಹೊದ್ದು ಮಲಗುವ ಹಳೆ ಬಟ್ಟೆ ಜೊತೆಗೆ ಹೋಗಲಿ, ಒಗೆಯದೆ, ಗೊತ್ತಿರುವ ವಾಸನೆ ಹಾಗೇ ಉಳಿಯಲಿ. ಈ ಮಳೆಯಲ್ಲಿ ಒಗೆದರೂ ಒಣಗುವುದೆಲ್ಲಿ ಬಿಡಿ.

ಇನ್ನೊಂದು, ಕದ್ದು ಮಾತ್ರ ಹೋಗಬೇಡಿ. ಟಾಟಾ ಮಾಡಿ, ಮುಂದಿನ ಪಾಳಿಯವರ ಕೈಗೆ ಕೊಟ್ಟೇ ಹೊರಡಿ. ಸುಮ್ನೆ ಮಾಯವಾದರೆ ಮಗು ದಿನವಿಡೀ ನಿಮ್ಮ ಕೊಡೆಯನ್ನೇ ಕಾಯುತ್ತದೆ. ಒಂದೊಂದು ಮಗುವಿಗೆ ಇಬ್ಬರೇ ಆಯಾಗಳು ಸಿಗುವಂತೆ ಪಾಳಿ ಪಟ್ಟಿ ಬದಲಿಸಲು ಮೇಲಿನವರನ್ನು ಕೇಳಿ. ನೇರವಾಗಿ ಕೇಳಲು ಹೆದರಿಕೆಯಾದರೆ ಈ ಪುಟವನ್ನು ಅವರ ಮೇಜಿನ ಮೇಲೆ ಬಿಟ್ಟು ಬನ್ನಿ, ಹೆಸರಂತೂ ಹಾಕಿಲ್ಲ.