ಕೆಳಕ್ಕೆ ಕಡಿಯುವ ಬ್ಯಾಟು, ಹಿಂದೆ ಸರಿಯುವ ಕಾಲು: ಜತ್ತದ ಸರ್ ಅವರಿಗೆ ಉತ್ತರ

ಸರ್, ನಿಮ್ಮ ಶಾಲೆಯ ಹುಡುಗರ ಬೇಸ್‌ಬಾಲ್ ಪಂದ್ಯದ ವಿಡಿಯೊವನ್ನೂ ಅದರ ಕೆಳಗೆ ನೀವು ಬರೆದದ್ದನ್ನೂ ನೋಡಿದೆ. ಹೊಡೆದ ಚೆಂಡುಗಳೆಲ್ಲ ನೆಲ ಹಿಡಿದು, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕೈಗೆ ಹೋಗುತ್ತಿವೆ, ಒಳಬದಿಗೆ, ಅಂದರೆ ಮೈಯ ಹತ್ತಿರಕ್ಕೆ, ಚೆಂಡು ಬಂದರೆ ಬಲಗೈ ಹುಡುಗರ ಎಡಗಾಲು ಮೂರನೆಯ ಬೇಸಿನ ಕಡೆಗೆ ಸರಿಯುತ್ತಿದೆ ಎಂದಿದ್ದೀರಿ. ಮೊದಲನೆಯದಕ್ಕೆ ‘ಮೇಲಿನಿಂದ ಕೆಳಕ್ಕೆ ಕಡಿಯಿರಿ’ ಎಂದು ಇನ್ನಷ್ಟು ಒತ್ತಿ ಹೇಳುತ್ತಿದ್ದೀರಿ. ಎರಡನೆಯದಕ್ಕೆ ಯುದ್ಧ ಕಂಡ ಇಬ್ಬರು ಆಟಗಾರರ, ಅಮೆರಿಕದ ಬೇಸ್‌ಬಾಲ್ ಬ್ಯಾಟರ್ ಟೆಡ್ ವಿಲಿಯಮ್ಸ್ ಮತ್ತು ನಮ್ಮ ಈಜುಗಾರ ಮುರಳಿಕಾಂತ ಪೇಟ್ಕರ್ ಅವರ, ಹೆಸರು ಹೇಳಿ, ಫೌಜಿಗಳ ಸೀಮೆಯ ಮಕ್ಕಳಾಗಿ ಚೆಂಡಿಗೆ ಹೆದರುತ್ತೀರಾ ಎಂದು ಗದರಿಸುತ್ತಿದ್ದೀರಿ. ಇವೆರಡನ್ನೂ ನಾನು ಮಾಡಿ ನೋಡಿದ್ದೇನೆ. ಗದರಿಸಿದ್ದರಿಂದ ಒಬ್ಬ ಒಳ್ಳೆಯ ಎಡಗೈ ಹುಡುಗ ಮೈದಾನಕ್ಕೆ ಬರುವುದನ್ನೇ ಬಿಟ್ಟ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕಾಲಿನ ವಿಷಯ. ಅದು ಸರಿಹೋಗದೆ ಬ್ಯಾಟಿನ ದಾರಿಯನ್ನು ತಿದ್ದಿ ಪ್ರಯೋಜನವಿಲ್ಲ. ಹೆದರಿ ಕಾಲು ತೆಗೆಯುವ ಹುಡುಗ ತನ್ನನ್ನು ಕಾಪಾಡಿಕೊಳ್ಳುತ್ತಿದ್ದೇನೆ ಎಂದುಕೊಳ್ಳುತ್ತಾನೆ, ಆದರೆ ಆಗುವುದು ಅದಕ್ಕೆ ವಿರುದ್ಧ: ಎಡಗಾಲು ಹೊರಗೆ ಹೋದ ಕೂಡಲೇ ಸೊಂಟ ತೆರೆಯುತ್ತದೆ, ಎದೆ ಮತ್ತು ಮುಖ ಎರಡೂ ನೇರವಾಗಿ ಚೆಂಡು ಎಸೆಯುವ ಪಿಚರ್ ಕಡೆಗೆ ತಿರುಗುತ್ತವೆ. ಏಟು ಬೀಳಬಾರದ ಜಾಗಗಳನ್ನೇ ಅವನು ಚೆಂಡಿಗೆ ಒಡ್ಡಿದಂತಾಯಿತು. ಅವನಿಗೆ ಬೇಕಾಗಿರುವುದು ಬೈಗುಳವಲ್ಲ, ಚೆಂಡು ಮೈಮೇಲೆ ಬಂದಾಗ ಏನು ಮಾಡಬೇಕು ಎಂಬ ಪಾಠ. ಎಡ ಭುಜವನ್ನು ಒಳಕ್ಕೆ, ಹಿಂದೆ ಕುಳಿತ ಕ್ಯಾಚರ್ ಕಡೆಗೆ ತಿರುಗಿಸಬೇಕು. ಗದ್ದವನ್ನು ಎದೆಗೆ ಒತ್ತಬೇಕು. ಬ್ಯಾಟು ಹಿಡಿದ ಎರಡೂ ಕೈಗಳನ್ನು ಹೊಟ್ಟೆಯ ಹತ್ತಿರ ಎಳೆದುಕೊಳ್ಳಬೇಕು. ಚೆಂಡು ಬಿದ್ದರೆ ಬೆನ್ನಿಗೋ ಪೃಷ್ಠಕ್ಕೋ ಬೀಳಬೇಕು. ಇದನ್ನು ಬ್ಯಾಟಿಲ್ಲದೆ, ಹೆಲ್ಮೆಟ್ ಹಾಕಿಸಿ, ಎಂಟು ಹತ್ತು ಮೀಟರ್ ದೂರದಿಂದ ಟೆನ್ನಿಸ್ ಚೆಂಡು ಮೆಲ್ಲಗೆ ಎಸೆಯುತ್ತ ಕಲಿಸಿ. ಮೈ ತಾನಾಗಿ ತಿರುಗುವುದು ಅಭ್ಯಾಸವಾದ ಮೇಲೆ ಬ್ಯಾಟು ಕೊಡಿ, ಆಮೇಲೆ ವೇಗ ಹೆಚ್ಚಿಸಿ, ನಡುನಡುವೆ ಹೊಡೆಯಬಲ್ಲ ಚೆಂಡನ್ನೂ ಎಸೆಯಿರಿ. ಯಾವುದಕ್ಕೆ ತಿರುಗಬೇಕು, ಯಾವುದಕ್ಕೆ ನಿಲ್ಲಬೇಕು ಎಂದು ಅವನ ಕಣ್ಣೇ ನಿರ್ಧರಿಸಲು ಕಲಿಯುತ್ತದೆ. ನನ್ನ ಹುಡುಗರಲ್ಲಿ ಕಾಲು ಸರಿಯುವುದು ನಿಂತದ್ದು ಇದರಿಂದ ಮಾತ್ರ.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ನಮ್ಮ ಕಡೆ ಟೂರ್ನಮೆಂಟಿಗೆ ಬಳಸುವ ಹೆವಿ ಟೆನ್ನಿಸ್ ಚೆಂಡನ್ನು ಈ ಅಭ್ಯಾಸಕ್ಕೆ ಖಂಡಿತ ತೆಗೆದುಕೊಳ್ಳಬೇಡಿ, ಅದರ ಏಟು ಜೋರು. ಕಾಸ್ಕೊ ಲೈಟ್ ಸಾಕು, ಹಳೆಯದಾಗಿ ಮೆತ್ತಗಾಗಿದ್ದರೆ ಇನ್ನೂ ಒಳ್ಳೆಯದು. ಹೆಲ್ಮೆಟ್ ಕಿವಿಯನ್ನು ಮುಚ್ಚುವ ಬೇಸ್‌ಬಾಲ್ ಹೆಲ್ಮೆಟ್ಟೇ ಆಗಿರಲಿ. 1920ರಲ್ಲಿ ರೇ ಚಾಪ್‌ಮನ್ ಎಂಬ ಆಟಗಾರ ಚೆಂಡು ತಲೆಗೆ ಬಡಿದು ಸತ್ತಮೇಲೂ ಅಮೆರಿಕದ ಮೇಜರ್ ಲೀಗಿನಲ್ಲಿ ಬ್ಯಾಟರುಗಳಿಗೆ ಹೆಲ್ಮೆಟ್ ಕಡ್ಡಾಯವಾಗುವುದಕ್ಕೆ 1971 ಬರಬೇಕಾಯಿತು. ನಾವು ಅಷ್ಟು ತಡಮಾಡುವುದಕ್ಕೆ ಯಾವ ಕಾರಣವೂ ಇಲ್ಲ. ಇನ್ನು, ಕಾಲು ಸರಿಯದಿರಲೆಂದು ಹಿಮ್ಮಡಿಯ ಹಿಂದೆ ಇಟ್ಟಿಗೆ ಇಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಮಗುವಿನ ಪಾದ ಹೊರಳುತ್ತದೆ. ಸುಣ್ಣದ ಗೆರೆ ಎಳೆದರೆ ಸಾಕು. ಏಟು ತಿಂದರೆ ಮೊದಲ ಬೇಸ್ ಸಿಗುತ್ತದೆ ಎಂದು ಬೇಕೆಂದೇ ಮೈ ಒಡ್ಡುವುದನ್ನೂ ಕಲಿಸಬೇಡಿ. ತಪ್ಪಿಸಿಕೊಳ್ಳುವ ಪ್ರಯತ್ನವನ್ನೇ ಮಾಡದವನಿಗೆ ನಿಯಮದ ಪ್ರಕಾರ ಆ ಬೇಸ್ ಸಿಗುವುದಿಲ್ಲ.

ನೀವು ಹೆಸರಿಸಿದ ಇಬ್ಬರ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಆ ಹೆಸರುಗಳನ್ನು ಹುಡುಗರನ್ನು ನಾಚಿಸುವುದಕ್ಕೆ ಬಳಸಿದರೆ ಅವರ ಬದುಕಿನ ಅರ್ಧ ಭಾಗವನ್ನು ಮುಚ್ಚಿಟ್ಟಂತಾಗುತ್ತದೆ. ಪೇಟ್ಕರ್ ನಮ್ಮ ಸಾಂಗ್ಲಿ ಜಿಲ್ಲೆಯ ಪೇಠದವರು, ಸೇನೆಯಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡುಗಳು ತಗುಲಿ ಸೊಂಟದ ಕೆಳಗಿನ ಸ್ವಾಧೀನ ಹೋಯಿತು. 1972ರಲ್ಲಿ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ ಗೆದ್ದರು, ಭಾರತಕ್ಕೆ ಅಲ್ಲಿ ದೊರೆತ ಮೊದಲ ಚಿನ್ನ ಅದು. ಹುಡುಗರಿಗೆ ಹೇಳುವಾಗ ಆ ಎರಡು ಇಸವಿಗಳ ನಡುವಿನ ಏಳು ವರ್ಷಗಳನ್ನು ಹೇಳಿ. ಕಾಲುಗಳ ಬಲವಿಲ್ಲದೆ ನೀರಿನಲ್ಲಿ ಮೈಯನ್ನು ಹೇಗೆ ಹಿಡಿಯಬೇಕೆಂದು ಆ ಮನುಷ್ಯ ಮೊದಲಿನಿಂದ ಕಲಿತರು. ವಿಲಿಯಮ್ಸ್ ಅವರದೂ ಹಾಗೆಯೇ. 1953ರ ಫೆಬ್ರವರಿಯಲ್ಲಿ ಕೊರಿಯಾದಲ್ಲಿ ಅವರ ಪ್ಯಾಂಥರ್ ಜೆಟ್ಟಿಗೆ ಕೆಳಗಿನಿಂದ ಗುಂಡು ಬಿತ್ತು. ಉರಿಯುತ್ತಿದ್ದ ವಿಮಾನವನ್ನು ಚಕ್ರಗಳಿಲ್ಲದೆ ಹೊಟ್ಟೆಯ ಮೇಲೆ ಇಳಿಸಿ ಹೊರಗೆ ಓಡಿಬಂದರು. 1944ರಿಂದಲೇ ಅವರು ತರಬೇತಿ ಪಡೆದ ಪೈಲಟ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇತರರಿಗೆ ಹಾರಾಟ ಕಲಿಸಿದವರು. ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ ಕೇಂದ್ರದಲ್ಲಿಯೂ ಭರ್ತಿಯಾಗಿ ಬಂದ ಹುಡುಗನನ್ನು ಮಾರನೆಯ ದಿನವೇ ಗಡಿಗೆ ಕಳುಹಿಸುವುದಿಲ್ಲ, ತಿಂಗಳುಗಟ್ಟಲೆ ತಯಾರು ಮಾಡುತ್ತಾರೆ. ಹದಿಮೂರು ವರ್ಷದ ಮಗುವಿನಿಂದ ತಯಾರಿಯಿಲ್ಲದ ಧೈರ್ಯವನ್ನು ಕೇಳುವುದು ನ್ಯಾಯವಲ್ಲ ಸರ್.

ಈಗ ಬ್ಯಾಟಿನ ದಾರಿ. ಪಿಚರ್ 25 ಸೆಂಟಿಮೀಟರ್ ಎತ್ತರದ ದಿಬ್ಬದ ಮೇಲೆ ನಿಂತು ಭುಜಕ್ಕಿಂತ ಮೇಲಿನಿಂದ ಎಸೆಯುತ್ತಾನೆ, ಆದ್ದರಿಂದ ವೇಗದ ಚೆಂಡು ಕೂಡ ಬ್ಯಾಟರ್ ಪಕ್ಕದ ಪ್ಲೇಟಿನ ಹತ್ತಿರ ಸುಮಾರು 5ರಿಂದ 6 ಡಿಗ್ರಿ ಕೆಳಮುಖವಾಗಿ ಬರುತ್ತದೆ. ನಮ್ಮ ಹುಡುಗರ ಪಿಚಿಂಗ್ ನಿಧಾನವಾದದ್ದರಿಂದ ಅಲ್ಲಿ ಚೆಂಡು ಇನ್ನೂ ಹೆಚ್ಚು ಇಳಿಯುತ್ತದೆ. ಇಳಿಯುವ ಚೆಂಡಿನ ದಾರಿಯನ್ನು ಇಳಿಯುವ ಬ್ಯಾಟು ಒಂದೇ ಒಂದು ಬಿಂದುವಿನಲ್ಲಿ ದಾಟುತ್ತದೆ. ಸ್ವಲ್ಪ ಬೇಗವಾದರೂ ತಡವಾದರೂ ತಪ್ಪಿತು, ತಗುಲಿದರೂ ಚೆಂಡಿನ ತಲೆಗೆ ತಗುಲಿ ನೆಲಕ್ಕೆ. ಬ್ಯಾಟು ಸ್ವಲ್ಪವೇ ಮೇಲ್ಮುಖವಾಗಿ ಬಂದರೆ ಚೆಂಡಿನ ದಾರಿಯಲ್ಲಿಯೇ ಹೆಚ್ಚು ಹೊತ್ತು ಇರುತ್ತದೆ. ‘ಕೆಳಕ್ಕೆ ಹೊಡೆಯಿರಿ’ ಎಂಬ ಮಾತು ಎಲ್ಲೆಡೆ ನಡೆಯುತ್ತಿದ್ದ ಕಾಲದಲ್ಲಿ ವಿಲಿಯಮ್ಸ್ ಇದನ್ನೇ ವಾದಿಸಿದರು. ಆದರೆ ‘ಸ್ವಲ್ಪ’ ಎಂಬುದನ್ನು ಮರೆಯಬೇಡಿ. ಹಿಂದಿನ ಭುಜ ಕುಸಿದು ಆಕಾಶಕ್ಕೆ ಎತ್ತಿದರೆ ಎಲ್ಲವೂ ಪಾಪ್ ಅಪ್, ಅಂದರೆ ಮೇಲಕ್ಕೆ ಹಾರಿದ ಸುಲಭ ಕ್ಯಾಚ್, ಆಗುತ್ತದೆ.

ಇದಕ್ಕೆ ಟೀ, ಅಂದರೆ ಚೆಂಡನ್ನು ಮೇಲಿಟ್ಟು ಹೊಡೆಯುವ ಗೂಟ, ಬಿಟ್ಟು ಬೇರೆ ಔಷಧವಿಲ್ಲ. ಅಂಗಡಿಯ ಟೀಗೆ ಹಣ ಹಾಕಬೇಡಿ. ಹಳೆಯ ಪೇಂಟ್ ಡಬ್ಬಿಯಲ್ಲಿ ಸಿಮೆಂಟು ತುಂಬಿ ಪಿವಿಸಿ ಪೈಪು ನಿಲ್ಲಿಸಿ, ಅದರ ತುದಿಗೆ ಗಾಡಿಯ ರೇಡಿಯೇಟರಿನ ರಬ್ಬರ್ ಪೈಪನ್ನು ಬಿಗಿಯಾಗಿ ಹಾಕಿ. ಬ್ಯಾಟು ತಗುಲುವ ತುದಿ ಮೆತ್ತಗಿರಬೇಕು. ಎದುರಿಗೆ ತೋಟದ ಹಳೆಯ ಶೇಡ್ ನೆಟ್ಟನ್ನು ಎರಡು ಪದರ ಮಾಡಿ ಸಡಿಲವಾಗಿ ಇಳಿಬಿಡಿ, ಬಿಗಿದು ಕಟ್ಟಿದರೆ ಚೆಂಡು ತಿರುಗಿ ಮುಖಕ್ಕೆ ಬರುತ್ತದೆ. ಹೊಡೆದ ಚೆಂಡು ಬಲೆಗೆ ಟೀಯ ಎತ್ತರದಲ್ಲಿಯೋ ಅದಕ್ಕಿಂತ ಒಂದು ಗೇಣು ಮೇಲೆಯೋ ಬಡಿದರೆ ಸರಿ, ಕೆಳಗೆ ಬಡಿದರೆ ಇನ್ನೂ ಕಡಿಯುತ್ತಿದ್ದಾನೆ ಎಂದರ್ಥ. ಟೀಯನ್ನು ಒಂದೇ ಕಡೆ ಇಡಬೇಡಿ. ಒಳಬದಿಯ ಚೆಂಡಿಗೆ ಮುಂಗಾಲಿಗಿಂತ ಮುಂದೆ, ಹೊರಬದಿಯ ಚೆಂಡಿಗೆ ಸ್ವಲ್ಪ ಹಿಂದೆ ಇರಲಿ. ಸೊಂಟ ಮೊದಲು ತಿರುಗಬೇಕು, ಕೈಗಳು ಅದರ ಬೆನ್ನಿಗೆ ಬರಬೇಕು. ನಿಮ್ಮ ವಿಡಿಯೊದಲ್ಲಿ ಎಲ್ಲರಿಗೂ ಕೈಗಳೇ ಮೊದಲು ಹೋಗುತ್ತಿವೆ.

ಇದರ ಹಿಂದೆ ಕ್ರಿಕೆಟ್ ಇದೆ. ಅಲ್ಲಿ ಚೆಂಡು ನೆಲಕ್ಕೆ ಬಿದ್ದು ಏಳುತ್ತದೆ, ಬಿದ್ದ ಜಾಗಕ್ಕೆ ಮುಂಗಾಲು ಹಾಕಿ ಹೋಗುವುದು ಸರಿ. ಇಲ್ಲಿ ಚೆಂಡು ಬೀಳುವುದೇ ಇಲ್ಲ, ಅದನ್ನು ಎದುರುಗೊಳ್ಳಲು ಹೋದರೆ ತಲೆ ಮುಂದಕ್ಕೆ ಚಾಚಿ ಕಣ್ಣು ಅಲುಗುತ್ತದೆ. ಗಂಟೆಗೆ 145 ಕಿಲೋಮೀಟರ್ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ನಮ್ಮ ಹುಡುಗರಿಗೆ ಅದಕ್ಕಿಂತ ಹೆಚ್ಚು ಸಮಯವಿದೆ, ಅದನ್ನು ಮುಂದೆ ಚಾಚಿ ಕಳೆದುಕೊಳ್ಳಬಾರದು. ಕ್ರಿಕೆಟ್ಟಿನ ಗ್ಲೌಸನ್ನೂ ಬಿಡಿಸಿ. ಆ ದಪ್ಪ ಗಾದಿಯಲ್ಲಿ ಹಿಡಿಕೆಯ ಅರಿವೇ ಆಗುವುದಿಲ್ಲ.

ಬ್ಯಾಟಿನ ತೂಕದ ಬಗ್ಗೆ ಕೇಳಿದ್ದೀರಿ. ಹಗುರವಾದದ್ದೇ ಕೊಡಿ. ಬ್ಯಾಟನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ ಅರ್ಧ ನಿಮಿಷ ಅಲುಗದೆ ಹಿಡಿಯಲಾಗದಿದ್ದರೆ ಅದು ಆ ಹುಡುಗನಿಗೆ ಭಾರ. ಈಸ್ಟನ್ನಿನ ಅಲ್ಯೂಮಿನಿಯಂ ಬ್ಯಾಟು ತಂಡಕ್ಕೆ ಒಂದಿದ್ದರೆ ಬಾಳಿಕೆ ಚೆನ್ನಾಗಿದೆ, ಆದರೆ ಬೆಲೆ ಹೆಚ್ಚು. ಸೆಟ್ಟಿನಲ್ಲಿ ಬರುವ ಅಗ್ಗದ ಮರದ ಬ್ಯಾಟುಗಳು ಹಿಡಿಕೆಯಲ್ಲಿ ಸೀಳುವುದನ್ನು ಕಂಡಿದ್ದೇನೆ, ಸೀಳಿದ್ದಕ್ಕೆ ಟೇಪು ಸುತ್ತಿ ಮತ್ತೆ ಆಡಿಸಬೇಡಿ, ತುಂಡು ಹಾರಿ ಯಾರ ಕಣ್ಣಿಗಾದರೂ ಬೀಳುತ್ತದೆ. ಟೀ ಇಲ್ಲದ ದಿನ ಡೊಮಿನಿಕನ್ ಗಣರಾಜ್ಯದ ಮಕ್ಕಳಂತೆ ಪೊರಕೆಯ ಕೋಲಿನಿಂದ ನೀರಿನ ಕ್ಯಾನಿನ ಮುಚ್ಚಳ ಹೊಡೆಸಿ. ಅಲ್ಲಿಂದ ಬಂದ ಎಷ್ಟೋ ದೊಡ್ಡ ಬ್ಯಾಟರುಗಳ ಬಾಲ್ಯದ ಆಟ ಅದು, ಕಣ್ಣಿಗೆ ಅಷ್ಟು ಒಳ್ಳೆಯ ಅಭ್ಯಾಸ.

ಕೊನೆಯದಾಗಿ, ಎಲ್ಲ ಚೆಂಡಿಗೂ ಬ್ಯಾಟು ಬೀಸುವುದನ್ನು ನಿಲ್ಲಿಸಿ. ವಿಲಿಯಮ್ಸ್ ಸ್ಟ್ರೈಕ್ ಜೋನನ್ನು, ಅಂದರೆ ಬ್ಯಾಟು ಬೀಸದಿದ್ದರೂ ಸ್ಟ್ರೈಕ್ ಎಂದು ಎಣಿಸುವ ಪ್ಲೇಟಿನ ಮೇಲಿನ ಜಾಗವನ್ನು, ಅಡ್ಡಕ್ಕೆ 7, ಉದ್ದಕ್ಕೆ 11 ಚೆಂಡುಗಳಂತೆ 77 ಜಾಗಗಳಾಗಿ ವಿಂಗಡಿಸಿದ್ದರು, ನಡುವಿನ ಚೆಂಡಿಗೆ .400ರ ಸರಾಸರಿ (ಸಾವಿರ ಬಾರಿಗೆ 400 ಹಿಟ್), ಹೊರಬದಿಯ ಕೆಳಮೂಲೆಗೆ .230 ಎಂದು ತಮ್ಮ ಲೆಕ್ಕ ಹಾಕಿಕೊಂಡಿದ್ದರು. 1941ರ ಲೀಗ್ ಋತುವಿನ ಕೊನೆಯ ದಿನ ಆಡದೆ ಕುಳಿತಿದ್ದರೂ ಅವರ ಸರಾಸರಿ .400 ಎಂದೇ ಲೆಕ್ಕವಾಗುತ್ತಿತ್ತು. ಅವರು ಆ ದಿನದ ಎರಡೂ ಪಂದ್ಯ ಆಡಿ 8 ಬಾರಿಯಲ್ಲಿ 6 ಹಿಟ್ ಹೊಡೆದು .406ಕ್ಕೆ ಮುಗಿಸಿದರು. ಧೈರ್ಯದ ಕಥೆ ಹೇಳುವುದಿದ್ದರೆ ನಿಮ್ಮ ಹುಡುಗರಿಗೆ ಇದನ್ನೂ ಹೇಳಿ, ಮತ್ತು ಪ್ರತಿಯೊಬ್ಬನೂ ತನಗೆ ಹೊಂದುವ ಚೆಂಡು ಯಾವುದೆಂದು ಟೀಯ ಮೇಲೆ ಗುರುತಿಸಿಕೊಳ್ಳಲಿ. ಎರಡು ಸ್ಟ್ರೈಕ್ ಆಗುವವರೆಗೆ (ಮೂರಾದರೆ ಔಟ್) ಅದಕ್ಕೇ ಕಾಯಲಿ. ಆದಮೇಲೆ ಬ್ಯಾಟನ್ನು ಒಂದು ಅಂಗುಲ ಮೇಲೆ ಹಿಡಿದು ಜೋನಿನೊಳಗೆ ಬಂದದ್ದನ್ನೆಲ್ಲ ಆಡಲಿ.

ಮುಂದಿನ ವಿಡಿಯೊವನ್ನು ಪಿಚರ್ ಹಿಂದಿನಿಂದ ತೆಗೆಯಬೇಡಿ. ಬ್ಯಾಟರಿನ ಎದೆ ಕಾಣುವ ಬದಿಯಿಂದ, ಪಾದಗಳೂ ಸೇರುವಂತೆ ತೆಗೆದು ಗುಂಪಿಗೆ ಹಾಕಿ, ಸೊಂಟ ಮತ್ತು ಕೈಗಳಲ್ಲಿ ಯಾವುದು ಮೊದಲು ಹೊರಡುತ್ತಿದೆ ಎಂದು ನೋಡಿ ಹೇಳುತ್ತೇನೆ.