ಒಳ್ಳೆಯ ಕಣ್ಣಿಗೇಕೆ ಪಟ್ಟಿ: ಹಟಮಾರಿ ಎಂದು ಕರೆತಂದ ಮಗುವಿನ ಪ್ರಕರಣ

ಸೋಮಾರಿ ಕಣ್ಣು ಎಂಬ ದೃಷ್ಟಿದೋಷದ ಚಿಕಿತ್ಸೆಗಾಗಿ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿಸಿಕೊಳ್ಳಲು ಒಪ್ಪದ ಮಕ್ಕಳನ್ನು ಹಟಮಾರಿಗಳೆಂದು ಆಪ್ತಸಲಹೆಗೆ ಕರೆತರುವುದು ಮತ್ತೆ ಮತ್ತೆ ನಡೆಯುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ ಆರು ವರ್ಷ. ಬಲಗಣ್ಣು ಚೆನ್ನಾಗಿದ್ದುದರಿಂದ ಎಡಗಣ್ಣಿನ ದೋಷ ಶಾಲೆಯ ತಪಾಸಣೆಯವರೆಗೂ ಯಾರ ಗಮನಕ್ಕೂ ಬಂದಿರಲಿಲ್ಲ. ಕನ್ನಡಕ ಹಾಕಿದರೂ ಆ ಕಣ್ಣಿನ ದೃಷ್ಟಿ 6/60 ಮಾತ್ರ. ಅಂದರೆ ಉಳಿದವರು 60 ಮೀಟರ್ ದೂರದಿಂದ ಗುರುತಿಸುವುದನ್ನು ಅವನು 6 ಮೀಟರ್ ದೂರಕ್ಕೆ ಬಂದು ನೋಡಬೇಕು. ದಿನಕ್ಕೆ 6 ಗಂಟೆ ಬಲಗಣ್ಣಿಗೆ ಪಟ್ಟಿ ಹಾಕಬೇಕೆಂದು ನೇತ್ರತಜ್ಞರು ಹೇಳಿದ್ದರು. ಪಟ್ಟಿ ಕಂಡೊಡನೆ ಅಳು, ಕಿತ್ತೆಸೆಯುವುದು, ಹೊಡೆತ. ತಾಯಿಗೆ ಹೇಗಾದರೂ ಹಾಕಿಸಲೇಬೇಕೆಂಬ ಆತಂಕ. ತಂದೆ ಬಂದದ್ದು ಬೇರೆಯೇ ಕೋರಿಕೆಯೊಂದಿಗೆ: “ಮಗುವಿನ ಮನಸ್ಸಿಗೆ ಪೆಟ್ಟಾಗುತ್ತಿದೆ ಎಂದು ನೀವೊಂದು ಮಾತು ಬರೆದುಕೊಡಿ ಮೇಡಂ, ನಿಲ್ಲಿಸಿಬಿಡುತ್ತೇವೆ.”

ಹುಡುಗನ ಜೊತೆ ನೆಲದ ಮೇಲೆ ಕುಳಿತು ಬಣ್ಣದ ಬಿಲ್ಲೆಗಳನ್ನು ಜೋಡಿಸುತ್ತಾ, ಪಟ್ಟಿ ಹಾಕಿದಾಗ ಏನಾಗುತ್ತದೆ ಎಂದು ಕೇಳಿದೆ. ನೋಯುತ್ತದೆ ಎನ್ನಬಹುದು, ಗೆಳೆಯರು ನಗುತ್ತಾರೆ ಎನ್ನಬಹುದು ಎಂದು ನಿರೀಕ್ಷಿಸಿದ್ದೆ. ಅವನು ಬಿಲ್ಲೆಯಿಂದ ತಲೆಯೆತ್ತದೆ ಹೇಳಿದ: “ಅಮ್ಮ ಬಾಗಿಲ ಹತ್ರ ನಿಂತ್ರೆ ನಗ್ತಿದ್ದಾಳೋ ಸಿಟ್ಟಾಗಿದ್ದಾಳೋ ಗೊತ್ತೇ ಆಗಲ್ಲ.” ಪಕ್ಕದಲ್ಲಿದ್ದ ತಾಯಿ ತಕ್ಷಣ “ನಾನು ಯಾಕೋ ಸಿಟ್ಟಾಗ್ಲಿ” ಎಂದರು. “ಪಟ್ಟಿ ಹಾಕುವಾಗ ಸಿಟ್ಟಾಗಿರ್ತೀಯಲ್ಲ” ಎಂದ.

ಆ ಮಾತಿನ ನಂತರ ಹಟದ ವಿಷಯವನ್ನು ನಾವು ಚರ್ಚಿಸಲಿಲ್ಲ. ಬೈಗುಳದೊಂದಿಗೆ ಶುರುವಾಗುವ ಆ 6 ಗಂಟೆಗಳಲ್ಲಿ, ಬೈದವರ ಕೋಪ ಇಳಿದಿದೆಯೇ ಇಲ್ಲವೇ ಎಂಬುದನ್ನು ಮುಖ ನೋಡಿ ತಿಳಿಯುವ ದಾರಿಯೂ ಮಗುವಿಗೆ ಇರಲಿಲ್ಲ. ಸಾಲದೆಂಬಂತೆ, ಹತ್ತಿರದ ಕೆಲಸ ಕಣ್ಣಿಗೆ ಒಳ್ಳೆಯದೆಂದು ಕೇಳಿ ಮನೆಯವರು ಅದೇ ಹೊತ್ತಿಗೆ ಕಾಪಿ ಬರೆಸುತ್ತಿದ್ದರು.

ತಂದೆ ಕೇಳಿದ್ದನ್ನು ನಾನು ಬರೆದುಕೊಡಲಿಲ್ಲ. ಮಗುವಿನ ಸಂಕಟಕ್ಕಿಂತ ಕಣ್ಣೇ ದೊಡ್ಡದಾಯಿತೇ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೇ. ಸೋಮಾರಿ ಕಣ್ಣು ಎಂದು ಕರೆಯುವ ಆಂಬ್ಲಿಯೋಪಿಯಾದಲ್ಲಿ, ಮಸುಕಾದ ಚಿತ್ರ ಕಳುಹಿಸುವ ಕಣ್ಣನ್ನು ಮಿದುಳು ಕ್ರಮೇಣ ಕಡೆಗಣಿಸುತ್ತದೆ. ಎರಡು ಕಣ್ಣುಗಳ ಪವರ್‌ನಲ್ಲಿ ದೊಡ್ಡ ಅಂತರ, ಮೆಳ್ಳೆಗಣ್ಣು, ಹುಟ್ಟಿನಿಂದಲೇ ಬಂದ ಪೊರೆ ಇವೆಲ್ಲ ಇದಕ್ಕೆ ಕಾರಣವಾಗಬಹುದು. ಒಳ್ಳೆಯ ಕಣ್ಣನ್ನು ಮುಚ್ಚಿದಾಗ ಮಿದುಳಿಗೆ ಇನ್ನೊಂದನ್ನು ಬಳಸುವುದು ಅನಿವಾರ್ಯವಾಗುತ್ತದೆ. ಏಳು ವರ್ಷದೊಳಗೆ ಈ ಚಿಕಿತ್ಸೆಯ ಫಲ ಹೆಚ್ಚು. ಆಮೇಲೂ ಸುಧಾರಿಸಬಹುದು, ಆದರೆ ಭರವಸೆ ಕುಗ್ಗುತ್ತಾ ಹೋಗುತ್ತದೆ. ಸಂಕಟವನ್ನು ಕಡಿಮೆ ಮಾಡುವ ಉಪಾಯಗಳು ನಮ್ಮ ಕೈಯಲ್ಲಿರುವಾಗ ಚಿಕಿತ್ಸೆಯನ್ನೇ ಕೈಬಿಡಿ ಎನ್ನುವುದು ನನಗೆ ಸರಿಕಾಣಲಿಲ್ಲ.

ಹಾಗಾಗಿ ಕೊಟ್ಟ ಸಲಹೆ ಹೀಗಿತ್ತು. ಪಟ್ಟಿ ಹಾಕುವಾಗ ಗದರಬಾರದು. ದೂರದಿಂದ ಸನ್ನೆ ಮಾಡದೆ ಹತ್ತಿರ ಹೋಗಿ, ಹೆಸರು ಕರೆದು ಮಾತನಾಡಿಸಬೇಕು. ಆ ಹೊತ್ತನ್ನು ಕಾಪಿಗೆ ಬದಲು ಅವನಿಷ್ಟದ ಬಿಲ್ಲೆ, ಚಿತ್ರಗಳಿಗೆ ಕೊಡಬೇಕು. 6 ಗಂಟೆಯನ್ನು ತುಂಡು ತುಂಡಾಗಿ ಹಂಚಬಹುದೇ ಎಂದು ನೇತ್ರತಜ್ಞರನ್ನೇ ಕೇಳಬೇಕು. ಪಟ್ಟಿ ಇದ್ದಾಗಲೂ ಕನ್ನಡಕ ತೆಗೆಯಬಾರದು. ಬೇಗ ಗುಣವಾಗಲೆಂದು ಅವಧಿ ಹೆಚ್ಚಿಸಲೂ ಬಾರದು, ಅತಿಯಾದರೆ ಮುಚ್ಚಿದ ಕಣ್ಣಿನ ದೃಷ್ಟಿಯೇ ಕುಗ್ಗಬಹುದು.

ಈ ಪ್ರಕರಣವನ್ನು ಓದುವ ತಂದೆತಾಯಂದಿರಿಗೆ ಇನ್ನೊಂದು ಮಾತು. ಒಂದೇ ಕಣ್ಣಿನ ದೋಷವಿರುವ ಮಗು ಸಾಮಾನ್ಯವಾಗಿ ದೂರು ಹೇಳುವುದಿಲ್ಲ, ಎಡವುವುದೂ ಇಲ್ಲ, ಏಕೆಂದರೆ ಅದಕ್ಕೆ ಜಗತ್ತು ಮೊದಲಿನಿಂದಲೂ ಹಾಗೆಯೇ ಕಂಡಿರುತ್ತದೆ. ಮೂರು ನಾಲ್ಕು ವರ್ಷದ ಹೊತ್ತಿಗೆ ಪ್ರತಿ ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರೆ ಇದು ಬೇಗ ತಿಳಿಯುತ್ತದೆ.

ಕೆಲವು ವಾರಗಳ ನಂತರ ತಾಯಿ ಮಾತ್ರ ಬಂದರು. ಅಳು ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಒಳ್ಳೆಯ ಕಣ್ಣಿನ ನೋಟವನ್ನು ತಾತ್ಕಾಲಿಕವಾಗಿ ಮಸುಕು ಮಾಡುವ ಅಟ್ರೋಪಿನ್ ಹನಿಯೂ ಕೆಲವು ಮಕ್ಕಳಿಗೆ ಪಟ್ಟಿಯ ಬದಲು ಆಗುತ್ತದೆ, ನಿಮ್ಮ ಮಗನಿಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ ಎಂದು ಹೇಳಿ, ಮುಂದಿನ ಸಲ ತಂದೆಯನ್ನೂ ಕರೆತರಲು ತಿಳಿಸಿದೆ.